ನಾಲ್ಕು ಹತ್ತರ ದೂರು

ಕಳೆದ ವಾರ ನಮ್ಮ ಬೀದಿಯ ನೆಲ ಅಗೆದು ಹಳೆಯ ಟೆಲಿಫೋನ್ ಕೇಬಲ್ಲನ್ನು ಎಳೆದು ಹೊರಗೆ ಹಾಕುತ್ತಿದ್ದರು. ತೋಳಿನಷ್ಟು ದಪ್ಪದ ಕರಿಯ ಕೇಬಲ್ಲು. ಹೊಟ್ಟೆ ಸೀಳಿದರೆ ಒಳಗೆ ನೂರಾರು ಜೋಡಿ ತಾಮ್ರದ ಎಳೆ, ಒಂದೊಂದು ಜೋಡಿಗೂ ಒಂದೊಂದು ಬಣ್ಣ. ನಾನು ಗೇಟಿಗೆ ಒರಗಿ ನೋಡುತ್ತ ನಿಂತೆ. ಗುಜರಿಗೆ ಹೋಗುವ ಸಾಮಾನು ಕಂಡು ಕಣ್ಣಲ್ಲಿ ನೀರು ತಂದುಕೊಳ್ಳುವವಳಲ್ಲ ನಾನು. ಮೂವತ್ತು ವರ್ಷ ಟೆಲಿಫೋನ್ ಆಫೀಸಿನ ದೂರು ವಿಭಾಗದಲ್ಲಿ ಕೂತು ಊರಿನವರ ಬೈಗುಳವನ್ನೆಲ್ಲ ಕಿವಿ ತುಂಬ ತುಂಬಿಕೊಂಡವಳು. ಆದರೂ ಅಂದು ಒಳಗೆ ಬಂದು ಟೀ ಮಾಡಿದೆ, ಕುಡಿಯಲು ಮನಸ್ಸಾಗಲಿಲ್ಲ. ಸರದಿಯಣ್ಣ ನೆನಪಾಗಿದ್ದ.

ಸರದಿಯಣ್ಣ ನಮ್ಮ ಆಫೀಸಿನ ಲೈನ್‌ಮನ್. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಸಂಬಳದ ಪಟ್ಟಿಗೆ ಮಾತ್ರ. ಬೆಳಿಗ್ಗೆ ನಾನು ದೂರಿನ ಚೀಟಿಗಳನ್ನು ಬರೆದು ಜೋಡಿಸಿ ಕೊಟ್ಟರೆ ಉಳಿದ ಲೈನ್‌ಮನ್‌ಗಳು ಇಸ್ಪೀಟಿನ ಎಲೆಯಂತೆ ಅವನ್ನು ಕಲೆಸಿ, ತಮಗೆ ಹತ್ತಿರದ್ದು, ಟೀ ಕೊಡುವ ಮನೆಯದ್ದು ಮೊದಲು ಇಟ್ಟುಕೊಳ್ಳುತ್ತಿದ್ದರು. ಇವನು ಹಾಗಲ್ಲ. ಮೊದಲು ದೂರು ಕೊಟ್ಟವರ ಮನೆಗೆ ಮೊದಲು, ಆಮೇಲೆ ಕೊಟ್ಟವರ ಮನೆಗೆ ಆಮೇಲೆ. ಊರಿನ ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ, ಏಣಿ ಕಟ್ಟಿದ ಸೈಕಲ್ಲು ತುಳಿದೇ ತುಳಿಯುತ್ತಿದ್ದ. ದೊಡ್ಡ ಸಾಹೇಬರ ಮನೆಯ ಫೋನ್ ಕೆಟ್ಟಾಗಲೂ "ಸರದಿ ಬಂದಾಗ ಬರ್ತೀನಿ ಸಾರ್" ಎಂದವನು. ಸಾಹೇಬರು ಆರು ತಿಂಗಳು ಅವನ ಮುಖ ನೋಡಿ ಮಾತಾಡಲಿಲ್ಲ. ಇವನಿಗೆ ಅದು ಗೊತ್ತೇ ಆಗಲಿಲ್ಲ.

ಮನುಷ್ಯ ನೋಡಲು ಕಡ್ಡಿ. ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು. ನಕ್ಕರೆ ಅದೇ ಮೊದಲು ಕಾಣುತ್ತಿತ್ತು. ಸೊಂಟದಲ್ಲಿ ಇಕ್ಕಳ, ಹೆಗಲಲ್ಲಿ ಟೆಸ್ಟ್ ಫೋನು. ಆ ಟೆಸ್ಟ್ ಫೋನಿಗೆ ಸಂಬಂಧಿಸಿ ಲೈನ್‌ಮನ್‌ಗಳಲ್ಲಿ ಒಂದು ಕಟ್ಟುಪಾಡಿತ್ತು. ಕಂಬ ಹತ್ತಿ ಅದನ್ನು ಯಾರದೋ ಲೈನಿಗೆ ಸಿಕ್ಕಿಸಿದಾಗ ಟೋನ್ ಕೇಳಬಹುದು, ಮಾತು ಕೇಳಬಾರದು. ಯಾರಾದರೂ ಮಾತಾಡುತ್ತಿದ್ದರೆ ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೂಡಲೇ ತೆಗೆಯಬೇಕು. ಎಲ್ಲರೂ ಪಾಲಿಸುತ್ತಿದ್ದರು ಎಂದು ನಾನು ಆಣೆ ಮಾಡಿ ಹೇಳಲಾರೆ. ಇವನು ಪಾಲಿಸುತ್ತಿದ್ದ.

ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ತಂಗಿ ಎನ್ನುತ್ತಿದ್ದ. ಹಾಗೆ ಕರೆದ ಮೇಲೆ ಬಹುವಚನಕ್ಕೆ ಜಾಗ ಎಲ್ಲಿ? ಇಬ್ಬರೂ ಏಕವಚನದಲ್ಲೇ ಜಗಳವಾಡುತ್ತಿದ್ದೆವು.

ಅವನದೊಂದು ವಿಚಿತ್ರ ಅಭ್ಯಾಸ. ದಿನಾ ಬೆಳಿಗ್ಗೆ ಚೀಟಿ ತೆಗೆದುಕೊಳ್ಳುವ ಮುಂಚೆ ನನ್ನ ಮೇಜಿನ ಮುಂದೆ ನಿಂತು ಒಂದು ನಂಬರ್ ಹೇಳುತ್ತಿದ್ದ. "ಒಂದ್ಸಲ ನೋಡು ತಂಗಿ" ಎನ್ನುತ್ತಿದ್ದ. ನನ್ನ ಪಕ್ಕದಲ್ಲಿದ್ದ ಬೋರ್ಡಿನಿಂದ ಯಾವ ಮನೆಯ ಲೈನನ್ನಾದರೂ ಕೂತಲ್ಲೇ ಪರೀಕ್ಷಿಸಬಹುದಿತ್ತು. ನಾನು ನೋಡಿ "ಸರಿ ಇದೆ" ಎಂದರೆ ತಲೆಯಾಡಿಸಿ ಹೊರಡುತ್ತಿದ್ದ. ಆದರೆ ಅದೇ ನಂಬರಿನಿಂದ ದೂರು ಬಂದರೆ ಮಾತ್ರ ಚೀಟಿಯನ್ನು ಮುಟ್ಟುತ್ತಿರಲಿಲ್ಲ. ಅವನ ವಾರ್ಡೇ ಆದರೂ ಇನ್ನೊಬ್ಬನಿಗೆ ಟೀ ಕುಡಿಸಿ ಅದನ್ನು ದಾಟಿಸಿಬಿಡುತ್ತಿದ್ದ. ಯಾರ ಮನೆ ಎಂದು ನಾನು ಎಷ್ಟೋ ಸಲ ಕೇಳಿದೆ. "ಅಕ್ಕನ ಮನೆ" ಎಂದ. ಅಕ್ಕನ ಮನೆ ಅಂದಮೇಲೆ ಹೋಗುವುದಕ್ಕೇನು ಧಾಡಿ ಎಂದು ಕೇಳಿದರೆ ಸೈಕಲ್ಲಿನ ಗಾಳಿ ನೋಡಲು ಹೊರಗೆ ಹೋದ. ಹದಿನಾರು ವರ್ಷ ಹೀಗೆಯೇ ನಡೆಯಿತು.

ಅಷ್ಟರಲ್ಲಿ ಬ್ರಾಡ್‌ಬ್ಯಾಂಡ್ ಬಂತು. ಅದುವರೆಗೆ ಬರೀ ಮಾತು ಹೊರುತ್ತಿದ್ದ ಅದೇ ತಾಮ್ರದ ಎಳೆಯ ಮೇಲೆ ಇಂಟರ್‌ನೆಟ್ಟೂ ಬರುತ್ತದೆ ಎಂದರು. ಜನ ನಂಬಲಿಲ್ಲ. ನಮ್ಮವರಲ್ಲೇ ಅರ್ಧ ಜನ ನಂಬಲಿಲ್ಲ. ಸರದಿಯಣ್ಣ ಮಾತ್ರ ಮೂರು ದಿನದ ತರಬೇತಿಗೆ ಹೋಗಿ ಬಂದು, ಮನೆ ಮನೆಗೆ ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿ ಕೂರಿಸುತ್ತ, ಕೇಳಿದವರಿಗೆಲ್ಲ ತನ್ನದೇ ರೀತಿಯಲ್ಲಿ ಪಾಠ ಹೇಳುತ್ತಿದ್ದ.

"ಮನೆ ಒಂದೇ ಅಂತ ಇಟ್ಕೊಳ್ಳಿ. ಕೆಳಗಡೆ ಅತ್ತೆ, ಮಹಡಿ ಮೇಲೆ ಸೊಸೆ. ಮಾತು ಅನ್ನೋದು ತಗ್ಗಿನ ದನಿ, ಅದು ಕೆಳಗಡೆ ಇರುತ್ತೆ. ಇಂಟರ್‌ನೆಟ್ಟು ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ ದನಿ, ಅದು ಮಹಡಿ ಮೇಲಿರುತ್ತೆ. ಒಂದೇ ಬಾಗಿಲಿಂದ ಇಬ್ರೂ ಬರ್ತಾರೆ. ಒಳಗೆ ಬಂದಮೇಲೆ ನೀನು ಕೆಳಗೆ, ನೀನು ಮೇಲೆ ಅಂತ ಬೇರೆ ಮಾಡೋದು ಈ ಡಬ್ಬಿ. ಇದನ್ನ ಬಿಟ್ಟು ಬೇರೆ ಕಡೆಯಿಂದ ಇನ್ನೊಂದು ಫೋನ್ ಸೇರಿಸಿದ್ರೋ, ಅದನ್ನ ಎತ್ತಿದ ತಕ್ಷಣ ಅತ್ತೆ ಮಹಡಿ ಹತ್ತಿದ ಹಾಗೆ. ಸೊಸೆ ತವರಿಗೆ!"

ಜನ ನಗುತ್ತಿದ್ದರು. ಅತ್ತೆಯಂದಿರು ಮಾತ್ರ ನಗುತ್ತಿರಲಿಲ್ಲ.

ಒಂದು ಸೋಮವಾರ ಸಂಜೆ ನನ್ನ ಫೋನಿಗೆ ಒಬ್ಬ ಹುಡುಗಿ ಬಂದಳು. ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬಿಡಿಸಿ ಇಂಜಿನಿಯರರ ಆಫೀಸಿಗೆ ಇಂಟರ್‌ನೆಟ್ಟಿನಲ್ಲಿ ಕಳಿಸುವವಳಂತೆ.

"ಮೇಡಮ್, ನೆಟ್ ಬಿದ್ದುಹೋಯ್ತು. ನಾಲ್ಕು ಹತ್ತಕ್ಕೆ ಬಿತ್ತು. ಶನಿವಾರಾನೂ ನಾಲ್ಕು ಹತ್ತಕ್ಕೇ ಬಿದ್ದಿತ್ತು. ಶುಕ್ರವಾರಾನೂ."

"ಗಡಿಯಾರ ನೋಡ್ಕೊಂಡು ಬೀಳೋಕೆ ಅದೇನು ಸರ್ಕಾರಿ ನೌಕರನೇನಮ್ಮಾ?"

"ನಿಮಗೆ ತಮಾಷೆ. ನಾಲ್ಕೂವರೆಗೆ ನಾನು ನಕ್ಷೆ ಕಳಿಸ್ಬೇಕು. ಒಂದೊಂದು ಫೈಲು ಹೋಗೋಕೆ ಇಪ್ಪತ್ತು ನಿಮಿಷ ಬೇಕು. ಅರ್ಧಕ್ಕೆ ಬಿದ್ರೆ ಮತ್ತೆ ಮೊದಲಿಂದ!"

ನಂಬರ್ ಕೇಳಿದೆ. ಹೇಳಿದಳು. ಹದಿನಾರು ವರ್ಷ ದಿನಾ ಬೆಳಿಗ್ಗೆ ನನ್ನ ಬೆರಳು ಒತ್ತಿದ ನಂಬರ್ ಅದು. ಹುಡುಗಿ ಅವನ ಅಕ್ಕನ ಮಗಳು ಎಂದಾಯಿತು.

ಮೊದಲು ಒಬ್ಬ ಲೈನ್‌ಮನ್ ಹೋಗಿ ಮೋಡೆಮ್ ಬದಲಿಸಿದ. ಇನ್ನೊಬ್ಬ ಹೋಗಿ ಸ್ಪ್ಲಿಟರ್ ಬದಲಿಸಿದ. ಮೂರನೆಯವನು ಹಾಲ್‌ನಲ್ಲಿದ್ದ ಫೋನನ್ನೇ ಬದಲಿಸಿ, "ಬೇರೆ ಫೋನ್ ಏನಾದ್ರೂ ಇದ್ಯಾ?" ಎಂದು ಕೇಳಿದ. ಹುಡುಗಿಯ ಅಮ್ಮ ಇಲ್ಲ ಎಂದರಂತೆ. ನಾನು ಬೋರ್ಡಿನಲ್ಲಿ ನೋಡಿದರೆ ಲೈನ್ ಕನ್ನಡಿಯಂತೆ ಸ್ವಚ್ಛ. ನೆಟ್ಟು ಮಾತ್ರ ದಿನಾ ನಾಲ್ಕು ಹತ್ತಕ್ಕೆ ಬೀಳುತ್ತಿತ್ತು, ಐದು ನಿಮಿಷದಲ್ಲಿ ಏಳುತ್ತಿತ್ತು. ದೂರಿನ ಪುಸ್ತಕ ತಿರುವಿ ಹಾಕಿದಾಗ ನನಗೊಂದು ವಿಷಯ ಕಂಡಿತು. ಭಾನುವಾರ ಬೀಳುತ್ತಿರಲಿಲ್ಲ. ರಜೆಯ ದಿನವೂ ಬೀಳುತ್ತಿರಲಿಲ್ಲ. ನಾನು ತಮಾಷೆಗೆ ಅಂದದ್ದು ನಿಜವೇ ಆಗಿತ್ತು.

ಎರಡನೆಯ ವಾರ ಆ ಹುಡುಗಿ ಫೋನಿನಲ್ಲೇ ಅತ್ತಳು. ಕೆಲಸ ಹೋಗುವ ಹಾಗಿದೆ ಎಂದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಸರಿಯಾಗಿ ಹೇಳಲಾರೆ. ಚೀಟಿಯ ಮೇಲೆ ಸರದಿಯಣ್ಣನ ಹೆಸರು ಬರೆದು ಅವನ ಮುಂದೆ ಹಿಡಿದೆ.

"ಇದು ಬೇಡ ತಂಗಿ."

"ನಿನ್ನ ವಾರ್ಡು, ನಿನ್ನ ಲೈನು. ಆ ಮನೆಗೆ ಮೊದಲು ಫೋನ್ ಎಳೆದವನು ನೀನೇ ಅಂತ ಪುಸ್ತಕದಲ್ಲಿದೆ. ಆ ಲೈನಿನ ಹುಟ್ಟು ಗೊತ್ತಿರೋನು ನೀನೊಬ್ಬನೇ. ಇವತ್ತು ಇದರ ಸರದಿ ಮೊದಲನೇದು. ಸರದಿ ತಪ್ಪಿಸ್ತೀಯಾ?"

ಅವನು ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ಹಾಕಿಕೊಂಡವನು ಮತ್ತೆ ಹೊರಗೆ ತೆಗೆದು ಕೈಯಲ್ಲೇ ಹಿಡಿದು ಹೋದ. ಆಗ ನನಗೆ ಅದರ ಅರ್ಥ ಆಗಲಿಲ್ಲ.

ಅಂದು ಐದು ಗಂಟೆಗೆ ಅವನು ವಾಪಸು ಬಂದಾಗ ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಏಣಿಯನ್ನು ಗೋಡೆಗೆ ಒರಗಿಸಿ ನನ್ನ ಮುಂದಿನ ಸ್ಟೂಲಿನ ಮೇಲೆ ಕೂತ. ನೀರು ಕೊಟ್ಟೆ. ಕುಡಿದು ಲೋಟವನ್ನು ಕೆಳಗಿಡದೆ ಹೇಳುತ್ತ ಹೋದ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ನನ್ನ ಮಟ್ಟಿಗೆ ಅದೊಂದು ದಾಖಲೆಯೇ.

ಅಪ್ಪ ಬೇಗ ಹೋದದ್ದರಿಂದ ಅಕ್ಕನೇ ಅವನನ್ನು ಬೆಳೆಸಿದವಳು. ಟೆಲಿಫೋನ್ ಇಲಾಖೆಯ ಅರ್ಜಿ ತಂದು ತುಂಬಿಸಿದವಳೂ ಅವಳೇ. ಕೆಲಸ ಸಿಕ್ಕಿದ ಮೇಲೆ ಅವಳ ಮನೆಗೆ ಫೋನ್ ಎಳೆದ. ಅವಳಿಗೆ ಮೂರು ಹೊತ್ತೂ ಅಡುಗೆಮನೆಯ ಕೆಲಸ, ಹಾಲ್‌ಗೆ ಓಡಿ ಬಂದು ಫೋನ್ ಎತ್ತುವಷ್ಟರಲ್ಲಿ ಅದು ನಿಂತುಹೋಗುತ್ತಿತ್ತು. ಅದಕ್ಕೆ ಇವನು ಪುಸ್ತಕದಲ್ಲಿ ಬರೆಯದೆ ಒಂದು ಕಳ್ಳ ಕೆಲಸ ಮಾಡಿದ. ಸೂರಿನ ಕೆಳಗೆ, ಲೈನ್ ಮನೆಯೊಳಕ್ಕೆ ಹೋಗುವ ಮುಂಚೆಯೇ ಒಂದು ಕವಲು ತೆಗೆದು, ಅಡುಗೆಮನೆಯ ಗೋಡೆಕಪಾಟಿನಲ್ಲಿ ಡಬ್ಬಿಗಳ ಹಿಂದೆ ಒಂದು ಹಳೆಯ ತಿರುಗಿಸುವ ಫೋನ್ ಇಟ್ಟುಕೊಟ್ಟ. ಎರಡೆರಡು ಗಂಟೆ ಬಡಿದರೆ ಅಕ್ಕನ ಅತ್ತೆಗೆ ತಲೆನೋವು ಎಂದು ಅದರ ಗಂಟೆಯನ್ನು ಬಿಚ್ಚಿ ತೆಗೆದ. ನಿಯಮ ತಪ್ಪಿ ಮಾಡಿದ ಒಂದೇ ಕೆಲಸ ಅವನ ಜೀವಮಾನದಲ್ಲಿ. ಅಕ್ಕ ಅದರಲ್ಲಿ ತಮ್ಮನೊಬ್ಬನ ಜೊತೆ ಮಾತ್ರ ಮಾತಾಡುತ್ತಿದ್ದಳಂತೆ, ಒಗ್ಗರಣೆ ಹಾಕುತ್ತ.

ಆಮೇಲೆ ಅಮ್ಮನ ವಿಷಯ. ಅಮ್ಮ ಬೇರೆ ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಜ್ವರ ಎಂದು ಆಸ್ಪತ್ರೆಗೆ ಸೇರಿಸಿದ್ದರು. ಅಕ್ಕನ ಮಗಳಿಗೆ ಪರೀಕ್ಷೆ ಹತ್ತಿರ. "ನೀನು ಹೋಗಿ ನೋಡಿ ಫೋನ್ ಮಾಡು. ಹೆಚ್ಚೇನಾದ್ರೂ ಇದ್ರೆ ಮುಂದಿನ ಬಸ್ಸಿಗೇ ಬರ್ತೀನಿ" ಎಂದಳು. ಆದರೆ ಅವಳ ಫೋನ್ ಕೆಟ್ಟು ನಾಲ್ಕು ದಿನವಾಗಿತ್ತು. "ಹೋಗೋಕೆ ಮುಂಚೆ ಸರಿಮಾಡಿ ಹೋಗ್ತೀನಿ" ಎಂದು ಮಾತು ಕೊಟ್ಟ. ಅಂದು ಅವನ ಕೈಯಲ್ಲಿ ಹತ್ತು ಚೀಟಿ, ಅಕ್ಕನದು ಏಳನೆಯದು. ಸ್ವಂತ ಅಕ್ಕ ಎಂದು ಮೊದಲು ಮಾಡಿದರೆ ನಾಳೆ ಯಾರ ಮುಖ ನೋಡಿ ಸರದಿ ಎನ್ನುವುದು? ಆರು ಮುಗಿಸುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಏಳನೆಯ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ. ಬಂದು ಮಾಡಿದರಾಯಿತು, ಬರೀ ಜ್ವರ ತಾನೇ.

ಜ್ವರವಾಗಿರಲಿಲ್ಲ ಅದು. ಸಂಜೆ ಅಮ್ಮ ಎಚ್ಚರವಾಗಿ, ಮಗಳ ಜೊತೆ ಮಾತಾಡಬೇಕು ಎಂದಳು. ವಾರ್ಡಿನ ಬಾಗಿಲ ಪಕ್ಕದಲ್ಲೇ ಅವಳ ಮಂಚ, ಬಾಗಿಲ ಗೋಡೆಯಲ್ಲೇ ಫೋನ್. ಇವನು ಡಯಲ್ ಮಾಡಿದ. ರಿಂಗ್ ಆಯಿತು.

"ಲೈನ್ ಕಡಿದುಹೋಗಿದ್ರೂ ಫೋನ್ ಮಾಡಿದವನ ಕಿವಿಗೆ ರಿಂಗ್ ಕೇಳಿಸುತ್ತೆ ತಂಗಿ. ಎಕ್ಸ್‌ಚೇಂಜೇ ಆ ಸದ್ದು ಮಾಡುತ್ತೆ. ಆ ಮನೇಲಿ ಏನೂ ಆಗ್ತಿರಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು. ಅಮ್ಮನಿಗೆ ಗೊತ್ತಿಲ್ಲ. ಎತ್ತಿದ್ಳಾ, ಎತ್ತಿದ್ಳಾ ಅಂತಿದ್ಳು. ಜೇಬಲ್ಲಿ ಚೀಟಿ ಇತ್ತು. ಹನ್ನೆರಡು ರಿಂಗು ಆಗೋವರೆಗೂ ಹಿಡ್ಕೊಂಡು ನಿಂತಿದ್ದೆ. ಮನೇಲಿಲ್ಲ ಅನ್ಸುತ್ತೆ ಅಮ್ಮ ಅಂದೆ."

ಅಮ್ಮ ಬೆಳಗಾಗುವುದರೊಳಗೆ ಹೋಗಿಬಿಟ್ಟಳು. ವಾಪಸು ಬಂದವನು ಅಕ್ಕನಿಗೆ ಎಲ್ಲ ಹೇಳಲು ಹೋದ. ಹನ್ನೆರಡು ರಿಂಗಿನವರೆಗೆ ಹೇಳಲು ಬಿಟ್ಟಳಂತೆ. "ಆ ರಿಂಗು ನಿನ್ನ ಕಿವೀಲಿ ಆಗಿದ್ದು, ನನ್ನ ಮನೇಲಿ ಅಲ್ಲ" ಎಂದಳು. "ಊರಿಗೆಲ್ಲ ಫೋನ್ ಸರಿಮಾಡೋನು ನನ್ನ ಅಮ್ಮನ ಮಾತನ್ನ ಜೇಬಲ್ಲಿಟ್ಕೊಂಡು ಬಸ್ ಹತ್ತಿದೆ. ಇನ್ನು ಈ ಹೊಸ್ತಿಲು ತುಳೀಬೇಡ. ನಿನ್ನ ಫೋನೂ ಬೇಡ." ಫೋನ್ ಇಟ್ಟ ಮೇಲೆ ಅಮ್ಮ ಏನು ಹೇಳಿದಳು ಎಂಬುದನ್ನು ಹೇಳಲು ಬಿಡಲೇ ಇಲ್ಲ. ಅವನು ಹೊರಗೆ ಬಂದು, ಅವರ ಮನೆ ಮುಂದಿನ ಕಂಬ ಹತ್ತಿ, ಡಬ್ಬಿಯಲ್ಲಿ ತುಕ್ಕು ಹಿಡಿದಿದ್ದ ಒಂದು ಜೋಡಣೆಯನ್ನು ಉಜ್ಜಿ ಬಿಗಿ ಮಾಡಿದ. ನಾಲ್ಕು ನಿಮಿಷದ ಕೆಲಸ ಎಂದ. ಅವನ ಕೈಯಲ್ಲಿ ಇನ್ನೂ ಇದ್ದ ಲೋಟವನ್ನು ನಾನು ತೆಗೆದುಕೊಂಡೆ. ದೀಪದ ಬುಡದಲ್ಲಿ ಕತ್ತಲು ಎನ್ನುವುದನ್ನು ನಾವೆಲ್ಲ ಸುಲಭವಾಗಿ ಹೇಳುತ್ತೇವೆ. ಆ ಕತ್ತಲಲ್ಲಿ ಹದಿನಾರು ವರ್ಷ ಕೂತವನನ್ನು ನಾನು ಅಂದೇ ನೋಡಿದ್ದು.

"ಇವತ್ತೇನಾಯ್ತು?" ಎಂದು ಕೇಳಿದೆ.

ಮನೆಯೊಳಗೆ ಹೋಗಲಿಲ್ಲ ಅವನು. ನಾಲ್ಕು ಗಂಟೆಗೇ ಮನೆ ಮುಂದಿನ ಕಂಬ ಹತ್ತಿ, ಅವರ ಲೈನಿಗೆ ಟೆಸ್ಟ್ ಫೋನ್ ಸಿಕ್ಕಿಸಿಕೊಂಡು ಕಾದ. ನಾಲ್ಕು ಹತ್ತಕ್ಕೆ ಯಾರೋ ಎತ್ತಿದರು. ಹಾಲ್‌ನ ಹೊಸ ಫೋನಾಗಿದ್ದರೆ ಪೀಪೀ ಎನ್ನಬೇಕಿತ್ತು. ಇದು ಟಕಟಕ ಎಂದಿತು, ತಿರುಗಿಸುವ ಫೋನು. ಕಿತ್ತು ಎಸೆದಿರುತ್ತಾರೆ ಎಂದು ಅವನೇ ಮರೆತುಬಿಟ್ಟಿದ್ದ ಆ ಗಂಟೆಯಿಲ್ಲದ ಫೋನು. ಸ್ಪ್ಲಿಟರ್ ದಾಟದೆ, ಅದೇ ಕೆಲಸ ಮಾಡುವ ಫಿಲ್ಟರೂ ಇಲ್ಲದೆ, ಸೂರಿನ ಕೆಳಗಿನ ಕವಲಿನಿಂದ ನೇರವಾಗಿ ಹೋದ ಎಳೆ. ಎತ್ತಿದ ಕೂಡಲೇ ಮಹಡಿಯ ಮೇಲಿನ ನೆಟ್ಟು ಬೀಳದೆ ಇನ್ನೇನಾಗುತ್ತದೆ? ದೋಷ ಸಿಕ್ಕಿತು. ಆಗಲೇ ಟೆಸ್ಟ್ ಫೋನ್ ತೆಗೆಯಬೇಕಿತ್ತು. ಟಕಟಕವನ್ನು ಎಣಿಸುತ್ತ ಹೋದ, ಅದು ಲೈನ್‌ಮನ್‌ನ ಕಿವಿಯ ಚಾಳಿ. ಐದನೆಯ ಅಂಕಿಗೆ ಬರುವಷ್ಟರಲ್ಲಿ ಅವನ ಕೈ ಕಂಬವನ್ನು ಗಟ್ಟಿಯಾಗಿ ಹಿಡಿದಿತ್ತು.

"ನನ್ನ ಮನೆ ನಂಬರ್ ತಂಗಿ."

ಆ ಹೊತ್ತಿನಲ್ಲಿ ಅವನ ಮನೆಯಲ್ಲಿ ಯಾರೂ ಇರುವುದಿಲ್ಲ. ಹೆಂಡತಿ ಹೊಲಿಗೆ ಕಾರ್ಖಾನೆಯಿಂದ ಬರುವುದು ಆರಕ್ಕೆ, ಇವನು ಬರುವುದು ಏಳಕ್ಕೆ. ಅದು ಅಕ್ಕನಿಗೆ ಚೆನ್ನಾಗಿ ಗೊತ್ತು. ಭಾನುವಾರ ಇರುತ್ತಾರೆ ಎಂಬುದೂ ಗೊತ್ತು. ಖಾಲಿ ಮನೆಯಲ್ಲಿ ರಿಂಗ್ ಆಗುತ್ತಿತ್ತು. ಆ ರಿಂಗಿನ ಮಧ್ಯೆ ಒಂದು ದನಿ ಮೆಲ್ಲಗೆ ಎಣಿಸುತ್ತಿತ್ತು: ಒಂದು, ಎರಡು, ಮೂರು. ಹನ್ನೆರಡಕ್ಕೆ ನಿಲ್ಲಿಸಿ, ಒಂದು ಉಸಿರು ಬಿಟ್ಟು, ಇಟ್ಟುಬಿಟ್ಟಳು.

"ದನಿ ಸ್ವಲ್ಪ ಒಡೆದಿದೆ" ಎಂದ. "ಅವಳದೇ."

ನಾನು ಮೂಗು ಸೀಟಿಕೊಂಡೆ. ಬೆಳಿಗ್ಗೆ ಇವನು ಅವಳ ಲೈನ್ ಬದುಕಿದೆಯಾ ಎಂದು ನೋಡಿ ಹೋಗುತ್ತಾನೆ, ಸಂಜೆ ಅವಳು ಇವನ ಮನೆಯ ರಿಂಗ್ ಕೇಳಿ ಇಡುತ್ತಾಳೆ. ಒಂದೇ ಊರು, ಸೈಕಲ್ಲಿನಲ್ಲಿ ಕಾಲು ಗಂಟೆ ದಾರಿ. ಇಂಥ ಅಕ್ಕತಮ್ಮಂದಿರ ತಲೆ ತಲೆಗೆ ಗಟ್ಟಿಸಬೇಕು ಎನಿಸಿತು.

"ಈಗ ಚೀಟಿ ಹೇಗೆ ಮುಗಿಸ್ತೀಯ?"

"ಸೂರಿನ ಕೆಳಗಿನ ಆ ಕವಲು ಕತ್ತರಿಸಿದ್ರೆ ಆಯ್ತು. ಎರಡು ನಿಮಿಷ. ಒಳಗೆ ಹೋಗ್ಬೇಕಾಗಿಲ್ಲ. ನೆಟ್ಟು ಇನ್ನು ಬೀಳಲ್ಲ. ಹುಡುಗಿ ಕೆಲಸ ಉಳಿಯುತ್ತೆ."

"ನಿನ್ನ ಅಕ್ಕನ ಫೋನನ್ನ ಇನ್ನೊಂದು ಸಲ ಸಾಯಿಸ್ತೀಯಾ?"

ತಲೆ ತಗ್ಗಿಸಿದ. "ಫಿಲ್ಟರ್ ಹಾಕಿದ್ರೂ ಸರಿಹೋಗುತ್ತೆ. ಮಾತೂ ಇರುತ್ತೆ, ನೆಟ್ಟೂ ಇರುತ್ತೆ. ಆದ್ರೆ ಅದಕ್ಕೆ ಅಡುಗೆಮನೆ ಒಳಗೆ ಹೋಗ್ಬೇಕು. ಆ ಹೊಸ್ತಿಲು ನನಗಿಲ್ಲ."

"ಅವಳು ದಿನಾ ನಿನ್ನ ಮನೆಗೆ ಬಂದು ಬಾಗಿಲು ತಟ್ಟಿ ಹೋಗ್ತಿದಾಳಲ್ಲೋ ಮಾರಾಯ! ನಾಳೆ ಮಧ್ಯಾಹ್ನ ರಜೆ ಹಾಕು. ಮನೇಲಿ ಕೂತ್ಕೋ. ಎತ್ತು."

"ನಾಳೆ ರಜೆಯ ಸರದಿ ನನ್ನದಲ್ಲ. ಕೈಯಲ್ಲಿ ಎಂಟು ಚೀಟಿ ಬೇರೆ ಇದೆ."

ನನಗೆ ಎಷ್ಟು ಕೋಪ ಬಂತೆಂದರೆ ಮೇಜಿನ ಮೇಲಿದ್ದ ದೂರಿನ ಪುಸ್ತಕ ಮುಚ್ಚಿಬಿಟ್ಟೆ. "ಏಳನೇ ಚೀಟಿ ಅಂತ ಹದಿನಾರು ವರ್ಷ ಅತ್ತಿದೀಯ. ಇದನ್ನೂ ಒಂಬತ್ತನೇದು ಮಾಡ್ತೀಯಾ? ಒಂದೇ ಒಂದು ಸಲ ಸರದಿ ಮುರಿ ಅಣ್ಣ. ಊರು ಮುಳುಗಲ್ಲ."

ಅವನು ಬಹಳ ಹೊತ್ತು ತನ್ನ ಇಕ್ಕಳವನ್ನು ತೆರೆದು ಮುಚ್ಚಿ ಮಾಡುತ್ತ ಕೂತಿದ್ದ. ಆಮೇಲೆ ಎಂಟು ಚೀಟಿಗಳನ್ನೂ ನನ್ನ ಮೇಜಿನ ಮೇಲಿಟ್ಟು, ರಜೆಯ ಅರ್ಜಿ ಎಲ್ಲಿ ಎಂದು ಕೇಳಿದ. ಅಷ್ಟು ವರ್ಷದಲ್ಲಿ ಅದು ಎಲ್ಲಿರುತ್ತದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

ಮರುದಿನ ನನಗೆ ಕೆಲಸದಲ್ಲಿ ಮನಸ್ಸಿಲ್ಲ. ಮೂರೂವರೆಯಿಂದ ಗಡಿಯಾರವನ್ನೇ ನೋಡುತ್ತಿದ್ದೆ. ಇವತ್ತೇ ಅವಳು ಫೋನ್ ಮಾಡದಿದ್ದರೆ? ಮಾಡಿ, ಇವನ ದನಿ ಕೇಳಿ ಇಟ್ಟುಬಿಟ್ಟರೆ? ಇಟ್ಟಳೆಂದರೆ ಮುಗಿಯಿತು, ಅವಳು ಮತ್ತೆ ಯಾವತ್ತೂ ಮಾಡುವುದಿಲ್ಲ. ನಾಲ್ಕು ಹತ್ತರ ಆ ಹನ್ನೆರಡು ರಿಂಗೂ ಅವರಿಗೆ ಉಳಿಯುವುದಿಲ್ಲ. ಬಲವಂತ ಮಾಡಿದವಳು ನಾನು. ನಾಲ್ಕು ಹತ್ತಾಯಿತು. ಬೋರ್ಡಿನಲ್ಲಿ ಆ ನಂಬರ್ ನೋಡುವ ಧೈರ್ಯವಾಗಲಿಲ್ಲ. ನಾಲ್ಕು ಹನ್ನೆರಡಕ್ಕೆ ಫೋನ್ ಬಡಿದುಕೊಂಡಿತು. ಹುಡುಗಿ, ಮೊಬೈಲಿನಿಂದ.

"ಮೇಡಮ್, ಮತ್ತೆ ಬಿತ್ತು."

"ಐದು ನಿಮಿಷ ನೋಡಮ್ಮ. ಎದ್ದ ಕೂಡಲೇ ನನಗೆ ಹೇಳು."

ಐದು ನಿಮಿಷ ನನ್ನ ಆಯುಸ್ಸಿನಲ್ಲೇ ಉದ್ದದ್ದು. ನಾಲ್ಕು ಹದಿನೈದು. ಫೋನ್ ಬರಲಿಲ್ಲ. ನಾಲ್ಕು ಇಪ್ಪತ್ತು. ನಾಲ್ಕು ಇಪ್ಪತ್ತೆರಡಕ್ಕೆ ಬಂತು.

"ಮೇಡಮ್, ಇವತ್ತು ಬಿದ್ದದ್ದು ಏಳ್ತಾನೇ ಇಲ್ಲ!"

"ಏಳ್ತಾ ಇಲ್ವಾ?"

"ಇಲ್ಲ! ಒಂದು ಸಲ ಎದ್ದ ಹಾಗೆ ಮಾಡಿ ಮತ್ತೆ ಬಿತ್ತು. ನೀವ್ಯಾಕೆ ಖುಷಿಯಾಗಿ ಕೇಳ್ತಿದೀರಿ?"

ಬೋರ್ಡಿನಲ್ಲಿ ನೋಡಿದೆ. ಎಂಗೇಜ್.

"ಕೆಳಗೆ ಹೋಗಿ ಹಾಲ್ ಫೋನ್ ನೋಡ್ತೀನಿ ಇರಿ" ಎಂದಳು ಅವಳು.

"ಬೇಡ!" ಎಂದು ಕೂಗಿದೆ. ಪಕ್ಕದ ಮೇಜಿನವನು ತಿರುಗಿ ನೋಡಿದ. "ಲೈನು ಟೆಸ್ಟಿಂಗಲ್ಲಿದೆ. ದೊಡ್ಡ ಟೆಸ್ಟಿಂಗು. ಯಾರೂ ಯಾವ ಫೋನೂ ಎತ್ತಬಾರದು. ಮಹಡಿಯಿಂದ ಇಳೀಲೇಬೇಡ. ಇವತ್ತೊಂದಿನ ಆ ನಕ್ಷೇನ ಸಿ.ಡಿ.ಗೆ ಹಾಕ್ಕೊಂಡು ಯಾರ ಕೈಲಾದ್ರೂ ಕಳಿಸು. ನಾಳೆಯಿಂದ ನಿನಗೆ ಈ ತೊಂದರೆ ಇರಲ್ಲ, ನನ್ನ ಮಾತು ನಂಬು."

ಮೂವತ್ತು ವರ್ಷದ ನೌಕರಿಯಲ್ಲಿ ಗ್ರಾಹಕರಿಗೆ ಹೇಳಿದ ಸುಳ್ಳುಗಳಲ್ಲಿ ನನಗೆ ಪಶ್ಚಾತ್ತಾಪವಿಲ್ಲದ್ದು ಅದೊಂದೇ. ಐದು ಗಂಟೆಗೆ ಬೋರ್ಡ್ ನೋಡಿದೆ, ಎಂಗೇಜ್. ಐದೂವರೆಗೆ ಮನೆಗೆ ಹೊರಡುವಾಗ ನೋಡಿದೆ, ಎಂಗೇಜ್. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಯಾರಿಗೂ ಕಾಣದ ಹಾಗೆ ಅತ್ತೆ. ನನಗೂ ಒಬ್ಬ ತಂಗಿಯಿದ್ದಳು, ಸಣ್ಣವಳಿರುವಾಗಲೇ ಹೋದಳು. ಹಾಗೆ ರಿಂಗ್ ಮಾಡಿ ಕೇಳಲು ನನ್ನ ಬಳಿ ಒಂದು ನಂಬರೂ ಇರಲಿಲ್ಲ.

ಮರುದಿನ ಸರದಿಯಣ್ಣ ಎಲ್ಲರಿಗಿಂತ ಮೊದಲು ಬಂದ. ಕಣ್ಣು ಊದಿಕೊಂಡಿತ್ತು, ಹಲ್ಲಿನ ಕಚ್ಚು ಕಾಣುತ್ತಿತ್ತು. ನಾನು ನಂಬರ್ ಒತ್ತಲು ಹೋದೆ, ಬೇಡ ಎಂದ.

"ಮೊದಲನೇ ರಿಂಗಿಗೇ ಎತ್ತಬೇಕು ಅಂತ ಎರಡು ಗಂಟೆಯಿಂದ ಅದರ ಪಕ್ಕ ಕೂತಿದ್ದೆ ತಂಗಿ. ಬಂದಾಗ ಕೈಯೇ ಏಳಲಿಲ್ಲ. ಹತ್ತು ಆಯ್ತು. ಹನ್ನೊಂದು. ಹನ್ನೆರಡಾದ್ರೆ ಇಡ್ತಾಳೆ. ಎತ್ತಿಬಿಟ್ಟೆ. ಹನ್ನೊಂದು ಅಂತ ಎಣಿಸ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದ್ಳು. ಅಕ್ಕಾ ಅಂದೆ. ಸುಮ್ಮನಿದ್ಳು. ಇಟ್ಟೇಬಿಟ್ಳು ಅನ್ಕೊಂಡೆ. ಆಮೇಲೆ, ಹನ್ನೆರಡು ರಿಂಗು ಬಹಳ ಉದ್ದ ಕಣೋ, ಅಂದ್ಳು. ಅಷ್ಟು ಹೊತ್ತು ಅಮ್ಮನ ಮುಂದೆ ಹಿಡ್ಕೊಂಡು ನಿಂತಿದ್ಯಾ, ಒಬ್ನೇ, ಅಂದ್ಳು."

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಅಮ್ಮ ಏನಂದ್ಳು ಹೇಳು ಅಂತ ಕೇಳಿದ್ಳು. ಹೇಳಿದೆ. ಅವತ್ತು ನಾನು ಫೋನ್ ಇಟ್ಟಮೇಲೆ ಅಮ್ಮ ಅಂದಿದ್ದು ಇಷ್ಟೇ ತಂಗಿ. ಎತ್ತದಿದ್ರೆ ಬಿಡು, ಹೇಳೋಕೇನೂ ಇರಲಿಲ್ಲ, ದನಿ ಕೇಳಿದ್ರೆ ಸಾಕಿತ್ತು, ಅಂತ."

ಅಂದು ಅವನು ಬಿಟ್ಟುಹೋಗಿದ್ದ ಎಂಟು ಚೀಟಿಗಳನ್ನು ವಾಪಸು ತೆಗೆದುಕೊಂಡು, ಅಕ್ಕನ ಮನೆಯ ಚೀಟಿಯನ್ನು ಮೊದಲಿಗೇ ಇಟ್ಟುಕೊಂಡ. ಸ್ಟೋರಿನಿಂದ ಒಂದು ಫಿಲ್ಟರ್ ಸಹಿ ಹಾಕಿ ತೆಗೆದುಕೊಂಡ, ಹೊರಡುವ ಮುಂಚೆ ನಲ್ಲಿಯಲ್ಲಿ ಮುಖ ತೊಳೆದು ಕಾಲಿನ ಧೂಳನ್ನೂ ತೊಳೆದ. ಸಂಜೆ ಚೀಟಿ ನನ್ನ ಮೇಜಿಗೆ ವಾಪಸು ಬಂತು. ದೋಷ ಎಂಬಲ್ಲಿ ಅವನ ವಕ್ರ ಅಕ್ಷರದಲ್ಲಿ "ಅಡುಗೆಮನೆ ಫೋನಿಗೆ ಫಿಲ್ಟರ್ ಇರಲಿಲ್ಲ, ಹಾಕಲಾಗಿದೆ" ಎಂದಿತ್ತು. ಕೆಲಸಕ್ಕೆ ಹಿಡಿದ ಸಮಯ ಎಂಬಲ್ಲಿ ನಾಲ್ಕು ನಿಮಿಷ ಎಂದು ಬರೆದಿದ್ದ. ಬೆಳಿಗ್ಗೆ ಹತ್ತಕ್ಕೆ ಹೋದವನು ವಾಪಸು ಬಂದದ್ದು ಸಂಜೆ ಐದಕ್ಕೆ, ಉಳಿದ ಎಂಟು ಚೀಟಿಗಳನ್ನು ಮುಟ್ಟದೆ ಹಾಗೆಯೇ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು.